ಮೊದಲು ಒತ್ತಿದ ಕೈ

ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ರಂಜಿನಿ. ಕೋಥರೂಡದಲ್ಲಿ ಕನ್ನಡ ಹೆಣ್ಣುಮಕ್ಕಳ ಭಜನಾ ಮಂಡಳಿ ನಡೆಸುವ ಅವರು, ಪುಣೆಯ ಕನ್ನಡಿಗರ ಕಸುಬುಗಳನ್ನು ಕುರಿತ ಮೌಖಿಕ ದಾಖಲೆಗೆ ಯಾರನ್ನು ಕೇಳಬೇಕೆಂದಾಗ ಇಂದೂ ಕಟಗೇರಿಯವರ ಹೆಸರನ್ನೇ ಮೊದಲು ಹೇಳಿದರು. ಹೇಳಿದ ಮರುಕ್ಷಣವೇ, "ಆದರ ಆಕಿ ಒಪ್ಪೂದು ಕಠಿಣ ಅದ ರೀ" ಎಂದರು. ಅವರ ಅಂದಾಜು ಸರಿಯಾಗಿತ್ತು. ರಂಜಿನಿ ಫೋನಿನಲ್ಲಿ ಕೇಳಿದಾಗ ಇಂದೂ, "ನನ್ನ ಬಾಳೇದಾಗ ರೆಕಾರ್ಡ್ ಮಾಡೂವಂಥಾದ್ದು ಏನದವಾ, ಬ್ಯಾರೆ ಯಾರನ್ನರೆ ನೋಡು" ಎಂದು ಮಾತು ಮುಗಿಸಿದರು. ಮುಂದಿನ ವಾರ ರಂಜಿನಿ ತಾವೇ ಮನೆಗೆ ಹೋಗಿ ಕೂತರು. "ನಿನ್ನ ಬಗ್ಗೆ ಹೇಳಬ್ಯಾಡ, ನಿನ್ನ ಕಂಪ್ಯೂಟರಿನ ಬಗ್ಗೆ ಹೇಳು" ಎಂದಾಗ ಇಂದೂ ನಕ್ಕುಬಿಟ್ಟರು. ಅದನ್ನಾದರೆ ಹೇಳಬಹುದು ಎಂದು ಒಪ್ಪಿಕೊಂಡು, ಒಂದು ಕರಾರು ಹಾಕಿದರು: ನಡುವೆ ಯಾರೂ "ಓಹೋ, ತಿಳೀತು" ಅನ್ನಬಾರದು. ತನಗೇ ಇನ್ನೂ ಪೂರಾ ತಿಳಿಯದ ಸಂಗತಿ ಕೇಳಲು ಬಂದವರಿಗೆ ಮೊದಲೇ ತಿಳಿದುಬಿಟ್ಟರೆ ಹೇಗೆ?

ಇಂದೂ ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಮೆಟ್ರಿಕ್ ಆದ ಮೇಲೆ ವರ ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವುದೇಕೆಂದು ಕನ್ನಡ ಟೈಪಿಂಗ್ ಕಲಿತರು. ೧೯೮೬ರಲ್ಲಿ ಶ್ಯಾಮ ಕಟಗೇರಿಯವರನ್ನು ಮದುವೆಯಾಗಿ ಪುಣೆಗೆ ಬಂದಾಗ, ಆ ಕಲಿಕೆ ಇಲ್ಲಿ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಶ್ಯಾಮ ದೇಹೂ ರೋಡಿನ ಸೈನ್ಯದ ಡಿಪೋ ಒಂದರಲ್ಲಿ ಕಾರಕೂನರು. ಹೊರಗೆ ಮರಾಠಿ, ಒಳಗೆ ಕನ್ನಡ. ನೆಂಟರೊಬ್ಬರ ಮಗಳ ಮದುವೆಯಲ್ಲಿ, ಮರಾಠಿ ಮುದ್ರಣಾಲಯದಲ್ಲಿ ಜೋಡಿಸಿದ ಕನ್ನಡ ಲಗ್ನಪತ್ರಿಕೆ ಒತ್ತಕ್ಷರಗಳೆಲ್ಲ ಮುರಿದು, ಬೀಗರ ಮನೆತನದ ಹೆಸರೇ ಕೆಟ್ಟು ಬಂದಿತು. ಶ್ಯಾಮ ಆ ಪತ್ರಿಕೆಯನ್ನು ಹೆಂಡತಿಯ ಮುಂದೆ ಹಿಡಿದು, "ಇದು ನಿನ್ನ ಕೆಲಸ" ಎಂದರು. ಹೀಗೆ ೨೦೦೪ರಲ್ಲಿ ಮನೆಗೆ ಕಂಪ್ಯೂಟರು ಬಂತು, ಅದರ ಜೊತೆಗೆ ಕನ್ನಡ ಅಕ್ಷರಗಳ ತಂತ್ರಾಂಶವೂ ಬಂತು.

ಅಂದಿನಿಂದ ಪುಣೆಯ ಎಷ್ಟೋ ಕನ್ನಡ ಮನೆತನಗಳ ಲಗ್ನಪತ್ರಿಕೆಗಳು ಅವರ ಕೈಯಿಂದಲೇ ಹೊರಟವು. ಯಾವ ಮನೆಯವರು ಕುಲದೇವರ ಹೆಸರನ್ನು ನೆತ್ತಿಯ ಮೇಲೆ ಬರೆಸುತ್ತಾರೆ, ಯಾರ ಮನೆಯಲ್ಲಿ ತೀರಿಹೋದ ಅಜ್ಜನ ಹೆಸರು ಆಹ್ವಾನಿಸುವವರ ಸಾಲಿಗೆ ಬರಲೇಬೇಕು, ಯಾವ ಸೋದರಮಾವನ ಹೆಸರು ಬಿಟ್ಟರೆ ಊಟದ ಪಂಕ್ತಿಯಲ್ಲಿ ಜಗಳ ಹತ್ತುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಹಳೆಯ ತಂತ್ರಾಂಶದ ಅಕ್ಷರಗಳು ಹೊಸ ಯಂತ್ರಗಳಲ್ಲಿ ತೆರೆಯುತ್ತಿರಲಿಲ್ಲ, ತೆರೆದರೂ ಇರುವೆ ಹರಿದಂತೆ ಕಾಣುತ್ತಿದ್ದವು. ಆದ್ದರಿಂದ ಯಂತ್ರ ಹಳೆಯದಾದರೂ ಅದನ್ನು ಬಿಡುವಂತಿರಲಿಲ್ಲ.

೨೦೨೨ರ ಆಗಸ್ಟಿನಲ್ಲಿ ಶ್ಯಾಮ ತೀರಿಕೊಂಡರು. ವರ್ಷಾಂತ ಮುಗಿಯುವವರೆಗೆ ಇಂದೂ ಯಾರ ಮಂಗಲಪತ್ರಿಕೆಯನ್ನೂ ಮುಟ್ಟಲಿಲ್ಲ. ಮತ್ತೆ ಕೆಲಸಕ್ಕೆ ಕೂರುವ ಹೊತ್ತಿಗೆ ಸಿಪಿಯುವಿನ ಕಬ್ಬಿಣದ ಡಬ್ಬಿಗೆ ತುಕ್ಕು ಹಿಡಿದಿತ್ತು. ಮಗ ಅಮೇಯ ಒಳಗಿನ ಭಾಗಗಳನ್ನೆಲ್ಲ ಹಾಗೆಯೇ ಇಟ್ಟು, ಹೊರಗಿನ ಡಬ್ಬಿಯನ್ನಷ್ಟೇ ಹೊಸದು ಹಾಕಿಸಿಕೊಟ್ಟ. ಹೊಸ ಡಬ್ಬಿ ಕಪ್ಪಗೆ ಮಿರುಗುತ್ತಿತ್ತು. ಒಳಗಿನ ಬಿಸಿಗಾಳಿ ಹೋಗಲೆಂದು ಅದರ ನೆತ್ತಿಯ ಮೇಲೆ ಜಾಳಿಗೆ ಇತ್ತು.

೨೦೨೩ರ ಖಂಡೇನವಮಿಗೆ ಯಂತ್ರದ ಪೂಜೆಯಾಯಿತು. ಹಿಂದೆಲ್ಲ ಆ ಪೂಜೆ ಶ್ಯಾಮರದು. ಈಗ ಕುಂಕುಮದ ಬಟ್ಟಲನ್ನು ಸೊಸೆ ಅನುಜಾಳ ಕೈಗೆ ಕೊಟ್ಟು ಇಂದೂ ಬಾಗಿಲಲ್ಲಿ ನಿಂತರು. ಅದಾದ ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ, ಅವರು ಗುಂಡಿ ಒತ್ತಿದಾಗ ಯಂತ್ರ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಮತ್ತೊಮ್ಮೆ ಒತ್ತುವ ಧೈರ್ಯ ಅವರಿಗೆ ಆಗಲಿಲ್ಲ. ಅನುಜಾ ಬಂದು ಒತ್ತಿದಳು. ಏನೂ ಆಗಿಲ್ಲವೆಂಬಂತೆ ಯಂತ್ರ ಚಾಲೂ ಆಯಿತು.

ಮರುದಿನ ಅವರ ಕೈಗೇ ಚಾಲೂ ಆಯಿತು. ಅದರ ಮರುದಿನ ಆಗಲಿಲ್ಲ, ಅಮೇಯ ಒತ್ತಿದ ಮೇಲೆ ಆಯಿತು. ಅಮೇಯ ವೈರು ಬದಲಿಸಿದ, ಗೋಡೆಯ ಪ್ಲಗ್ಗು ಬದಲಿಸಿದ, ಸೊಸೈಟಿಯ ಇಲೆಕ್ಟ್ರಿಶಿಯನ್ನನನ್ನು ಕರೆಸಿ ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ನೋಡಿಸಿದ. ಎಲ್ಲವೂ ಸರಿಯಾಗಿತ್ತು. ಯಂತ್ರ ಮಾತ್ರ ತನಗೆ ಮನಸ್ಸು ಬಂದಾಗ ಏಳುತ್ತಿತ್ತು.

"ಆಯಿ, ಇದನ್ನ ಹಳೀ ಸಾಮಾನ ಒಯ್ಯೂ ಭಂಗಾರವಾಲಾಗ ಕೊಟ್ಟುಬಿಡೂಣು" ಎಂದ ಅಮೇಯ. "ಅದಕ್ಕೂ ರಿಟೈರ್ ಆಗೂ ವಯಸ್ಸು ಆಗೇದ."

"ಹಂಗಾರ ನನ್ನೂ ಅದರ ಜೋಡೀನ ತೂಕಕ್ಕ ಹಾಕು. ರದ್ದಿ ಪೇಪರೂ ಕೊಡ್ತೀವಿ ಅಂತ ಹೇಳು, ಬರೇ ನಮ್ಮಿಬ್ಬರ ಸಲುವಾಗಿ ಅಂವ ಬರೂದಿಲ್ಲ."

ಈ ಗೊಂದಲಕ್ಕೆ ಇನ್ನೊಂದು ರೂಪ ಬಂದದ್ದು ಚನ್ನಬಸವ್ವನವರು ಬಂದ ದಿನ. ಸ್ವಾರಗೇಟದ ಹತ್ತಿರ ಬಟ್ಟೆ ಅಂಗಡಿ ಇಟ್ಟ ಮನೆತನದ ಯಜಮಾನಿ ಅವರು. ಎಪ್ಪತ್ತು ದಾಟಿದ, ಕೈ ತುಂಬ ಹಸಿರು ಬಳೆಯ ಹಿರಿಯ ಮುತ್ತೈದೆ. ಅವರ ಮನೆಯ ಮದುವೆಗಳ ಪತ್ರಿಕೆಯೆಲ್ಲ ಇಂದೂ ಅವರದೇ ಜೋಡಣೆ. ಈಗ ಮೊಮ್ಮಗಳು ಸಿಂಧೂರಳ ಮದುವೆ. ಚಹಾ ಆಯಿತು. ಇಂದೂ ಕುರ್ಚಿ ಎಳೆದುಕೊಂಡು ಗುಂಡಿ ಒತ್ತಿದರು. ಯಂತ್ರ ಗುರ್ ಎಂದು ನಿಂತಿತು.

"ಏನಾತ್ರಿ ಇಂದೂಬಾಯಾರ?"

"ಹಂಗ ಮಾಡ್ತದ್ರಿ ಅವ್ವಾರ, ಒಮ್ಮೊಮ್ಮೆ."

"ತಡೀರಿ, ನಾ ಒತ್ತತೀನಿ." ಚನ್ನಬಸವ್ವ ಎದ್ದು ಬಂದು ಬಳೆ ಸರಿಸಿಕೊಂಡು ತಮ್ಮ ದಪ್ಪ ಬೆರಳಿನಿಂದ ಗುಂಡಿ ಒತ್ತಿದರು. ಯಂತ್ರ ಎದ್ದಿತು. ಪರದೆ ಬೆಳಗಿತು.

ಬಳಿಕ ಚನ್ನಬಸವ್ವ, ದನಿ ತಗ್ಗಿಸಿ, ಕೇಡಿನ ಭಾವವಿಲ್ಲದೆ, ಮನೆಯ ಹಿರಿಯಳು ಕಿರಿಯಳಿಗೆ ಹೇಳುವಂತೆ ಹೇಳಿದರು: "ತಪ್ಪ ತಿಳೀಬ್ಯಾಡ್ರಿ. ಶುಭಕಾರ್ಯದ ಕಾಗದ ಇದು. ಮಶೀನ ಸೊಸಿ ಕೈಲೆ ಹಚ್ಚಸರಿ. ನೀವು ಬಾಜೂಕ ಕೂತು ಹೇಳ್ರಿ, ಆಕಿ ಟೈಪ್ ಬಡೀಲಿ. ನಿಮ್ಮ ಕಡೇನ ಮಾಡಸ್ತೀವಿ, ಬ್ಯಾರೆ ಕಡೆ ಹೋಗೂದಿಲ್ಲ."

ಇಂದೂ "ಹೂಂ ರೀ" ಎಂದರು. ಬಾಗಿಲವರೆಗೆ ಹೋಗಿ ಕಳಿಸಿಬಂದರು. ಮುಂದೆ ನೆನಪಿಸಿಕೊಂಡಾಗ ಅವರಿಗೆ ಚನ್ನಬಸವ್ವನವರ ಮಾತಿಗಿಂತ ಹೆಚ್ಚು ಅಚ್ಚರಿಯಾದದ್ದು ತಮ್ಮ ಬಾಯಿಂದ ಬಂದ ಆ "ಹೂಂ". ಇಂಥ ಮಾತನ್ನು ಬೇರೆ ಯಾರ ಬಗ್ಗೆಯಾದರೂ ಕೇಳಿದ್ದರೆ ಅವರು ಜಗಳಕ್ಕೇ ನಿಲ್ಲುತ್ತಿದ್ದರು. ಆದರೆ ಯಂತ್ರ ಕಣ್ಣೆದುರೇ ಸಾಕ್ಷಿ ಹೇಳಿತ್ತಲ್ಲ! ತನ್ನ ಕೈಗೆ ಆಗುವುದಿಲ್ಲ, ಮುತ್ತೈದೆಯ ಕೈಗೆ ಆಗುತ್ತದೆ. ಹಾಗಾದರೆ ಅಮೇಯನ ಕೈಗೂ ಆಯಿತಲ್ಲ, ಅವನೇನು ಮುತ್ತೈದೆಯೇ? ಕೆಲವು ದಿನ ತನ್ನ ಕೈಗೂ ಆಗುತ್ತದಲ್ಲ, ಆ ದಿನಗಳಲ್ಲಿ ತಾನು ಯಾರು? ಹೀಗೆ ಯೋಚಿಸಿದಷ್ಟೂ ದಾರ ಸಿಕ್ಕಾಗುತ್ತಲೇ ಹೋಯಿತು. ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ಈ ಮದುವೆಯ ಪತ್ರಿಕೆಯನ್ನು ತಾನು ಕೈಯಾರೆ ಜೋಡಿಸದೆ ಬಿಟ್ಟರೆ, ಮುಂದೆ ಯಾವ ಮದುವೆಯದನ್ನೂ ಜೋಡಿಸುವಂತಿಲ್ಲ. ಚನ್ನಬಸವ್ವನವರು ಒಪ್ಪಿದ್ದನ್ನು ಉಳಿದವರು ಒಪ್ಪುತ್ತಾರೆ, ಅವರು ಬಿಟ್ಟದ್ದನ್ನು ಉಳಿದವರೂ ಬಿಡುತ್ತಾರೆ.

ಅಮೇಯ ಯಂತ್ರವನ್ನು ಸ್ಕೂಟರಿನ ಮುಂದೆ ಅಡ್ಡ ಮಲಗಿಸಿಕೊಂಡು ಕಂಪ್ಯೂಟರ್ ರಿಪೇರಿಯ ಮಿಥುನನ ಅಂಗಡಿಗೆ ಒಯ್ದ. ಮಿಥುನನ ತಾಯಿ ಅಕ್ಕಲಕೋಟದ ಕಡೆಯವರಾದ್ದರಿಂದ ಅವನಿಗೆ ಮರಾಠಿಯಷ್ಟೇ ಸಲೀಸಾಗಿ ಕನ್ನಡವೂ ಬರುತ್ತಿತ್ತು. ಅವನ ಮೇಜಿನ ಮೇಲೆ ಯಂತ್ರ ಒತ್ತಿದ ಪ್ರತಿ ಸಲವೂ ಎದ್ದಿತು. ಅವನು ರ‍್ಯಾಮಿನ ಪಟ್ಟಿ ಕಿತ್ತು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಕರೆಂಟು ಹಂಚುವ ಪೆಟ್ಟಿಗೆ ಬದಲಿಸಿ ನೋಡಿದ. ಕೊನೆಗೆ ಫೋನು ಮಾಡಿದ: "ಕಾಕೂ, ಇದಕ್ಕ ಏನೂ ಆಗಿಲ್ಲ. ತವರಮನಿಗೆ ಬಂದಂಗ ಬಂದದ, ಇಲ್ಲಿ ಛಲೋ ಇರ್ತದ."

ಯಂತ್ರ ಮನೆಗೆ ಮರಳಿತು. ಈ ಸಲ ಏನೂ ಕಡಿಮೆಯಾಗಬಾರದೆಂದು ಇಂದೂ ಅನುಜಾಳಿಂದ ಆರತಿ ಮಾಡಿಸಿದರು. "ಅಕ್ಷತಿ ಜರಾ ಹೆಚ್ಚ ಹಾಕು" ಎಂದು ಬಾಗಿಲಿನಿಂದಲೇ ಹೇಳಿದರು. ನಾಲ್ಕು ದಿನ ಎಲ್ಲವೂ ಸರಿಯಾಗಿತ್ತು. ಐದನೆಯ ದಿನ ಮತ್ತೆ ಗುರ್. ಯಂತ್ರ ಮತ್ತೆ ಅಂಗಡಿಗೆ ಹೋಯಿತು, ಅಲ್ಲಿ ಮತ್ತೆ ಎದ್ದಿತು, ಮನೆಗೆ ಬಂದು ಮತ್ತೆ ಆರತಿ ಮಾಡಿಸಿಕೊಂಡಿತು. ಪೂಜೆ ಹೆಚ್ಚಿದಂತೆ ಅದರ ಹಟವೂ ಹೆಚ್ಚಿತು.

ಆಗ ಇಂದೂ ತಾವೇ ಒಂದು ಪರೀಕ್ಷೆ ಮಾಡಿದರು. ಬೆಳಿಗ್ಗೆ ತಾವು ಮುಟ್ಟಲೇ ಇಲ್ಲ. ಅನುಜಾಳನ್ನು ಕರೆದು, "ಇವತ್ತ ನೀನ ಮೊದಲ ಒತ್ತು" ಎಂದರು. ಅನುಜಾ ಒತ್ತಿದಳು. ಗುರ್ ಎಂದು ನಿಂತಿತು.

"ಈಗ ನೀವು ಒತ್ತರಿ ಅತ್ಯಾ."

"ನಾ ಯಾಕ?"

"ಒತ್ತರಿ ಅಂದೆ."

ಇಂದೂ ಒತ್ತಿದರು. ಯಂತ್ರ ಎದ್ದಿತು.

ಇದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅನುಜಾ ತನ್ನ ಮನಸ್ಸು ನೋಯಬಾರದೆಂದು ಬೇಕೆಂತಲೇ ಗುಂಡಿಯನ್ನು ಅರ್ಧ ಒತ್ತಿ ಬಿಟ್ಟಳೇ ಎಂಬ ಅನುಮಾನ ಬಂದಿತು. ಅಥವಾ ದೋಷ ತನ್ನಿಂದ ಸೊಸೆಗೂ ಹತ್ತಿತೇ? ಈ ಎರಡನೆಯ ಯೋಚನೆ ಬಂದದ್ದೇ ಅವರು ಹೆದರಿ ಎದ್ದುಹೋಗಿ, ಅಡುಗೆಮನೆಯಲ್ಲಿ ಕೆಲಸವಿಲ್ಲದಿದ್ದರೂ ಪಾತ್ರೆ ತೊಳೆಯುತ್ತ ನಿಂತರು.

ಚನ್ನಬಸವ್ವನವರಿಂದ ಫೋನು ಬಂತು. ಮೊದಲ ಪತ್ರಿಕೆಯನ್ನು ಮನೆದೇವರಿಗೆ ಒಯ್ಯುವ ದಿನ ಗೊತ್ತಾಗಿತ್ತು, ಕಾಗದ ಮುದ್ರಣಕ್ಕೆ ಹೋಗಬೇಕಿತ್ತು. ಇಂದೂ ಮಿಥುನನಿಗೆ, ಯಂತ್ರವನ್ನು ಒಯ್ಯುವುದು ಬೇಡ, ಅದು ಹಟ ಮಾಡುವ ಜಾಗಕ್ಕೇ ಬಂದು ನೋಡು ಎಂದು ಹೇಳಿ ಕಳಿಸಿದರು. ಅವನು ಬಂದ. ಅವನು ಸ್ಕ್ರೂ ತಿರುಗಿಸುವ ಮೊದಲು ಇಂದೂ ಅವನನ್ನು ತಡೆದು, ಸೊಸೆಗೆ ಸನ್ನೆ ಮಾಡಿದರು. ಅನುಜಾ ಆರತಿ ಎತ್ತಿ, ಒಂದು ಹಿಡಿ ಅಕ್ಷತೆಯನ್ನು ಯಂತ್ರದ ನೆತ್ತಿಗೆ ಹಾಕಿದಳು.

ಮಿಥುನ ಕೈಕಟ್ಟಿ ನಿಂತಿದ್ದವನು ಬಾಗಿ ನೋಡಿದ.

"ವೈನಿ, ಅಕ್ಕಿ ಎಲ್ಲಿ ಹೋತು?"

"ಎಲ್ಲಿ ಹೋತು ಅಂದ್ರ? ಮ್ಯಾಲೆ ಹಾಕೀನಲ್ಲ."

"ಮ್ಯಾಲೆ ಎಲ್ಲೆ ಅದ?"

ಜಾಳಿಗೆಯ ಮೇಲೆ ಹೆಚ್ಚೆಂದರೆ ಹತ್ತು ಕಾಳು ಉಳಿದಿದ್ದವು. ಮಿಥುನ ಪಕ್ಕದ ತಗಡು ಬಿಚ್ಚಿ, ಯಂತ್ರವನ್ನು ಮೆಲ್ಲಗೆ ಹಳೆಯ ಸುದ್ದಿಪತ್ರಿಕೆಯ ಹಾಳೆಯ ಮೇಲೆ ಮಲಗಿಸಿ ಅಲುಗಾಡಿಸಿದ. ಅಕ್ಕಿ ಸುರಿಯಿತು. ಇಂದಿನ ಹಳದಿ ಕಾಳು, ಹಳೆಯ ಕಂದು ಕಾಳು, ಬಿಸಿಗೆ ಅರಳಿದಂತಾಗಿದ್ದ ಒಂದೆರಡು. ಒಳಗಿನ ಫ್ಯಾನಿನ ರೆಕ್ಕೆಯ ಸಂದಿನಲ್ಲಿ ಸಿಕ್ಕಿದ್ದ ಕಾಳನ್ನು ಅವನು ಚಿಮಟಿಗೆಯಿಂದ ಹಿಡಿದು ಎತ್ತಿ ತೋರಿಸಿದ.

"ಕಾಕೂ, ಇದರಾಗ ಒಂದಿಷ್ಟು ತುಪ್ಪ ಹಾಕಿದ್ದರ ಮಸಾಲೆಭಾತ್ ತಯಾರ!"

ಅನುಜಾ ಸೆರಗು ಬಾಯಿಗಿಟ್ಟು ನಕ್ಕಳು. ಇಂದೂ ನಗಲಿಲ್ಲ. "ಮೊದಲಿನ ಡಬ್ಬಿಗೂ ನಮ್ಮ ಮನಿಯವರು ಅಕ್ಷತಿ ಹಾಕ್ತಿದ್ದರಲ್ಲ" ಎಂದರು.

"ಅದರ ತಲಿ ಬಂದ್ ಇತ್ತು, ಇದರ ತಲಿ ಜಾಳಗಿ" ಎಂದ ಮಿಥುನ. ಕಾಳು ಅಡ್ಡ ಬಂದರೆ ಫ್ಯಾನು ತಿರುಗುವುದಿಲ್ಲ, ಫ್ಯಾನು ತಿರುಗದಿದ್ದರೆ ಸುಟ್ಟುಹೋಗಬಾರದೆಂದು ಯಂತ್ರ ತಾನೇ ನಿಂತುಬಿಡುತ್ತದೆ ಎಂದು ವಿವರಿಸಿದ. ಸ್ಕೂಟರಿನ ಮೇಲೆ ಮಲಗಿ ಕುಲುಕುತ್ತ ಬಂದಾಗ ಕಾಳು ಸರಿದುಹೋಗುತ್ತದೆ. ಅಂಗಡಿಯಲ್ಲಿ ಯಂತ್ರ ಎದ್ದುಬಿಡುತ್ತಿದ್ದುದರಿಂದ, ಧೂಳಿನಲ್ಲಿ ಕಂಡ ಒಂದೆರಡು ಕಾಳನ್ನು ಲೆಕ್ಕಿಸದೆ, ಫ್ಯಾನಿನ ಸಂದುಗಳನ್ನು ಅವನು ಇಣುಕಿಯೂ ನೋಡಿರಲಿಲ್ಲ. "ಮನ್ಯಾಗ ಮೊದಲ ಸಲ ಒತ್ತಿದಾಗ ಫ್ಯಾನ್ ಧಕ್ಕಾ ಕೊಟ್ಟು ನಿಲ್ತದ. ಆ ಧಕ್ಕಾಕ್ಕ ಕಾಳು ಸರೀತದ. ಎರಡನೇ ಸಲ ಯಾರ ಒತ್ತಿದರೂ ಚಾಲೂ."

"ಯಾರ ಒತ್ತಿದರೂ?"

"ಯಾರ ಒತ್ತಿದರೂ."

"ಹಂಗಾರ ನನ್ನ ಕೈ?"

ಮಿಥುನನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಕೈದೇನ ಸಂಬಂಧ ಕಾಕೂ? ದಿನಾ ಮೊದಲ ಯಾರ ಒತ್ತತಾರ?"

"ನಾನ."

"ಅಷ್ಟ ಮತ್ತ."

ಅವನು ಯಂತ್ರ ಕೂರಿಸಿ, ಜಾಳಿಗೆಯ ಮೇಲೆ ರಟ್ಟನ್ನೂ ಮುಚ್ಚಬೇಡಿರಿ, ಗಾಳಿ ಆಡಬೇಕು, ಪೂಜೆಯನ್ನು ಮಾನಿಟರಿಗೆ ಮಾಡಿರಿ ಎಂದು ಹೇಳಿ ಹೊರಟ. ಹಗುರವಾಗಬೇಕಿದ್ದ ಇಂದೂ ಅಕ್ಕಿಯ ಹಾಳೆಯನ್ನೇ ನೋಡುತ್ತ ಕುಳಿತರು. ಕಾರಣ ಸಿಕ್ಕಿತ್ತು; ಆದರೆ ಇಷ್ಟು ತಿಂಗಳು ತಾನು ತನ್ನ ಕೈಯನ್ನು ನೋಡಿದ ರೀತಿ ಕಾರಣದ ಜೊತೆ ಹೊರಟುಹೋಗಲಿಲ್ಲ. ತನ್ನನ್ನು ಶುಭದಿಂದ ದೂರ ನಿಲ್ಲಿಸಿದ್ದು ಯಂತ್ರವಲ್ಲ, ಕಾಳೂ ಅಲ್ಲ. ಬಾಗಿಲಲ್ಲಿ ಹೋಗಿ ನಿಂತವಳು ತಾನೇ. ಹಾಗೆ ನಿಲ್ಲು ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅಥವಾ ಹೇಳಬೇಕಾಗಿಯೇ ಇರಲಿಲ್ಲವೇ? ಇದು ಅವರಿಗೆ ಮಾತುಕತೆಯ ದಿನದವರೆಗೂ ಬಗೆಹರಿದಿರಲಿಲ್ಲ.

ಸಂಜೆ ಚನ್ನಬಸವ್ವನವರಿಗೆ ಅವರೇ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಆ ಕಡೆ ದೊಡ್ಡ ನಗು ಕೇಳಿಸಿತು. ನಗು ನಿಂತ ಮೇಲೆ ಚನ್ನಬಸವ್ವ, "ಅಕ್ಕೀದು ಆತು. ಆದರೂ ಒಂದ ಸಲ ಸೊಸಿ ಕೈಲೆ ಹಚ್ಚಿಸಿಬಿಡ್ರಿ, ನನ್ನ ಮನಸ್ಸಿಗೆ" ಎಂದರು.

"ಇಲ್ರಿ ಅವ್ವಾರ" ಎಂದರು ಇಂದೂ. "ಹಚ್ಚಿದರ ನಾನ ಹಚ್ಚತೀನಿ. ಬ್ಯಾಡ ಅನ್ನಿಸಿದರ ಈಗ ಹೇಳ್ರಿ, ಸಿಟ್ಟ ಮಾಡೂದಿಲ್ಲ. ಮ್ಯಾಟರ್ ಬ್ಯಾರೆ ಕಡೆ ಕೊಡ್ರಿ."

ಆ ಕಡೆ ಬಳೆ ಸರಿಸಿಕೊಂಡ ಸದ್ದಾಯಿತು. ಅದರ ಹಿಂದೆಯೇ ಮಾತು ಬಂತು: "ಸೋದರಮಾವನ ಹೆಸರ ಬಿಡಬ್ಯಾಡ್ರಿ ಮತ್ತ. ಹ್ವಾದ ಸಲ ಭಾಳ ರಂಪ ಮಾಡ್ಯಾನ."

ಇದು ಒಪ್ಪಿಗೆಯೇ, ವಾದ ಬೇಡವೆಂಬ ದಣಿವೇ, ಇಂದೂ ಅವರಿಗೆ ತಿಳಿಯಲಿಲ್ಲ. ಅವರು ಕೇಳಲೂ ಇಲ್ಲ.

ದಾಖಲೆಗೆ: ೨೦೨೪ರ ಫೆಬ್ರುವರಿ ೧೬, ಶುಕ್ರವಾರ, ಬೆಳಿಗ್ಗೆ ಇಂದೂ ಕಟಗೇರಿಯವರು ತಾವೇ ಯಂತ್ರ ಹಚ್ಚಿ, ಸಿಂಧೂರಳ ಲಗ್ನಪತ್ರಿಕೆಯನ್ನು ತಾವೇ ಜೋಡಿಸಿ ಮುದ್ರಣಕ್ಕೆ ಕಳಿಸಿದರು.