ರಮಾ ಟೀಚರ್ ಹಾಕಿದ ರೈಟ್

ಸುಳ್ಳು ಹೇಳಿದ ಜ್ವರ ನಿಜವಾಗಿಯೂ ಬಂದುಬಿಟ್ಟರೆ? ಈ ಚಿಂತೆ ಸುಮಂಗಲೆಯ ತಲೆ ಹೊಕ್ಕು ಮೂರು ದಿನವಾಗಿತ್ತು. ಪಡಸಾಲೆಯಲ್ಲಿ ಆಡುವ ಮಗಳ ಹಣೆ ಮುಟ್ಟುವಳು, ತಣ್ಣಗಿದೆ ಅಂತ ಒಳಗೆ ಬರುವಳು. ಒಗ್ಗರಣೆ ಚಟಪಟ ಅನ್ನುವಷ್ಟರಲ್ಲಿ ಮತ್ತೆ ಅನುಮಾನ. ಮತ್ತೆ ಹೋಗಿ ಕುತ್ತಿಗೆ ಮುಟ್ಟುವಳು.

"ಮಮ್ಮಿ, ಕೈ ಹಸಿ ಅದಾವ!" ಎಂದು ನಾಲ್ಕು ವರ್ಷದ ಧೃತಿ ಕೊಸರಿಕೊಳ್ಳುತ್ತಿದ್ದಳು.

ಸುಳ್ಳು ಹೇಳಿದ್ದು ಶಹಾಬಾದಿನ ಚಿಗವ್ವ, ತಾಯಿಯ ತಂಗಿ ಶಿವಕಾಂತಮ್ಮನಿಗೆ. ಸೋಮವಾರದಿಂದ ಸುಮಂಗಲೆಗೆ ಧಾರವಾಡದಲ್ಲಿ ಹದಿನೈದು ದಿನ ಇಲಾಖೆಯ ತರಬೇತಿ. ಗಂಡ ಮಹೇಶಕುಮಾರನದು ಸೇಡಂನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅಷ್ಟು ದಿನ ಧೃತಿಯನ್ನು ಚಿಗವ್ವನ ಮನೆಯಲ್ಲಿ ಬಿಡುವುದೆಂದು ಎಂದೋ ಮಾತಾಗಿತ್ತು. ಗುರುವಾರ ಸುಮಂಗಲಾ ಫೋನ್ ಮಾಡಿ, "ಹುಡುಗಿಗಿ ಜ್ವರ ಬಂದಾವ, ಕಳಸೂದಿಲ್ಲ" ಎಂದುಬಿಟ್ಟಳು. ಜ್ವರ ಬಂದದ್ದು ಹುಡುಗಿಗಲ್ಲ, ಕಾದಂಬರಿ ಓದಿದ ತಾಯಿಗೆ.

ಕಾದಂಬರಿ ಕಳಿಸಿದವರು ರಮಾಬಾಯಿ, ನಿವೃತ್ತ ಕನ್ನಡ ಟೀಚರ್. ಚಿಗವ್ವ ಸರಕಾರಿ ದವಾಖಾನೆಯ ನರ್ಸ್ ಆಗಿ ಶಹಾಬಾದಿಗೆ ಬಂದಾಗ ಇಬ್ಬರೂ ಒಂದು ಬಾಡಿಗೆ ಮನೆ ಹಿಡಿದವರು. ಮೂವತ್ತು ವರ್ಷವಾಯಿತು, ಮದುವೆಯೂ ಇಲ್ಲ, ಬೇರೆ ಮನೆಯೂ ಇಲ್ಲ. ಒಬ್ಬರು ಬಸವಣ್ಣನ ಫೋಟೋಕ್ಕೆ, ಇನ್ನೊಬ್ಬರು ಬುದ್ಧನ ಮೂರ್ತಿಗೆ, ಅಂಗಳದ ಒಂದೇ ಗಿಡದ ದಾಸವಾಳ ಏರಿಸುತ್ತಾರೆ. ಟೀಚರ್ ಎಲ್ಲಿ ಅಂತ ಯಾರಾದರೂ ಕೇಳಿದರೆ ಚಿಗವ್ವನದು ಒಂದೇ ಉತ್ತರ: "ನಮ್ಮ ಮನಿಯವ್ರಾ? ಬಜಾರಕ್ಕ ಹೋಗ್ಯಾರ." ಗಂಡನ ಹೆಸರು ಹೇಳದ ಹೆಂಗಸರು ಆಡುವ ಮಾತು ಅದು. ಬಳಗವೆಲ್ಲ ನಗುತ್ತಿತ್ತು. ಚಿಗವ್ವ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ಚಿಂಚೋಳಿಯಲ್ಲಿ ಸುಮಂಗಲೆಯ ಮದುವೆಯಾದಾಗ ಕೊಡ್ಲಿ ಊರಿನ ಗುರುದೇವಿ ಅತ್ತೆ ಊಟದ ಪಂಕ್ತಿಯಲ್ಲೇ ಕೂಗಿದ್ದಳು. "ಏ ಶಿವಕಾಂತಿ, ನಿಮ್ಮ ಮನಿಯವ್ರಿಗಿ ಹೋಳಿಗಿ ನೀಡ್ಲೇನ? ಆಮ್ಯಾಲ ಸಿಟ್ಟಾಗ್ಯಾರು!"

"ಹೋಳಿಗಿ ಬ್ಯಾಡವಾ, ಅವ್ರಿಗಿ ಶುಗರ್ ಅದ. ಎರಡು ಭಜಿ ಹಾಕು."

ಮದುಮಗಳು ಬಾಸಿಂಗ ಅಲುಗುವ ಹಾಗೆ ನಕ್ಕಿದ್ದಳು.

"ಓದಿ ಹೆಂಗನಿಸ್ತು ಹೇಳವ್ವ" ಎಂದಷ್ಟೇ ಚೀಟಿ ಇಟ್ಟು ಟೀಚರ್ ಪುಸ್ತಕ ಕಳಿಸಿದ್ದರು. ಮಳಖೇಡದ ರಾಜರ ಕಾಲದ ಕಥೆ ಅಂದಾಗ ಸುಮಂಗಲಾ ಯುದ್ಧ, ಪಟ್ಟಾಭಿಷೇಕ ಅಂದುಕೊಂಡಿದ್ದಳು. ಹೈದರಾಬಾದಿನಲ್ಲಿ ಓದಿದವಳಿಗೆ ಕನ್ನಡ ಕಾದಂಬರಿ ಓದುವ ರೂಢಿ ಕಡಿಮೆ. ಆದರೆ ಇದು ಓಲೆ ಬರೆಯುವ ನಾಗಿಯಬ್ಬೆ, ಹೂ ಕಟ್ಟುವ ಚಂದಿಯಬ್ಬೆ ಎಂಬ ಇಬ್ಬರು ಹೆಂಗಸರ ಕಥೆ. ಅವರದು ಬರೀ ಗೆಳೆತನವಲ್ಲ. ಕೋಟೆಯ ಹಿಂದಿನ ಕಾಗಿಣಾ ನದಿಯಲ್ಲಿ ಅವರು ಮಿಂದು ಬರುವ ಪುಟ ಓದುತ್ತ ಸುಮಂಗಲಾ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ್ದಳು. ಇಂಥದ್ದನ್ನ ಕನ್ನಡದಲ್ಲಿ ಬರೀತಾರಾ? ಬರೆದರೂ, ಟೀಚರ್ ಓದ್ತಾರಾ?

ಓದಿದ್ದರು. ಪುಟಪುಟಕ್ಕೂ ಕೆಂಪು ಶಾಯಿ. ಅಚ್ಚಿನ ತಪ್ಪು ಕಂಡಲ್ಲಿ ತಿದ್ದುವುದು ಅವರ ಹಳೆಯ ಚಾಳಿ. ಬಿಟ್ಟುಹೋದ ಒತ್ತಕ್ಷರ ಕೂಡ ಅವರ ಕಣ್ಣಿಗೆ ತಪ್ಪುವುದಿಲ್ಲ. ನೂರಾ ನಲವತ್ತೆರಡನೇ ಪುಟದಲ್ಲಿ ಸಂತೆಯ ಜನ ಕೇಳುತ್ತಾರೆ, ಈ ನಾಗಿಯಬ್ಬೆ ನಿನಗೆ ಏನಾಗಬೇಕು ಅಂತ. ಚಂದಿಯಬ್ಬೆ ಹೇಳುತ್ತಾಳೆ: 'ನಮ್ಮ ಮನೆಯವರು.' ಸಂತೆ ನಗುತ್ತದೆ.

ಆ ಸಾಲಿನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯ ಒಂದು ರೈಟ್ ಗುರುತು. ಇಡೀ ಪುಸ್ತಕದಲ್ಲಿ ಅದೊಂದೇ.

ಸುಮಂಗಲಾ ಪುಸ್ತಕವನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗೆ ತುರುಕಿ ನೇರವಾಗಿ ಫೋನ್ ಎತ್ತಿಕೊಂಡು ಜ್ವರದ ಸುಳ್ಳು ಹೇಳಿದ್ದಳು. ಯಾಕೆ ಹೇಳಿದೆ, ಯಾವುದಕ್ಕೆ ಹೆದರಿದೆ, ಇವತ್ತಿಗೂ ತಿಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಗಂಡನಿಗೆ ರೊಟ್ಟಿ ನೀಡುತ್ತ ಬಾಯಿಬಿಟ್ಟಳು. "ಏನ್ರಿ, ಚಿಗವ್ವ ಟೀಚರಿಗಿ ಮನಿಯವ್ರು ಅಂತಾಳಲ್ಲ, ಅದು ಖರೇನ ಇದ್ರ?"

ಮಹೇಶಕುಮಾರ ತುತ್ತು ನೆತ್ತಿಗೇರುವ ಹಾಗೆ ನಕ್ಕ. "ಚಾಷ್ಟಿ ಮಾಡ್ತಾರವಾ ಮುದುಕ್ಯಾರು! ನೀ ಮೊದಲ ಆ ಪುಸ್ತಕ ಓದೂದು ಬಿಡು."

ಆ ನಗೆ ಎಲ್ಲೋ ಕೇಳಿದಂತಿತ್ತು. ಆಮೇಲೆ ಹೊಳೆಯಿತು. ಅದು ತನ್ನದೇ ನಗೆ. ಹೋದ ಶ್ರಾವಣದಲ್ಲಿ ಕಲಬುರಗಿಯ ದವಾಖಾನೆಯಲ್ಲಿ ಚಿಗವ್ವನ ಆಪರೇಷನ್. ಕಾಗದಕ್ಕೆ ಸಹಿ ಮಾಡುವವರು ಯಾರು ಅಂತ ಕೌಂಟರಿನವಳು ಕೇಳಿದಳು. ಟೀಚರ್ ಮುಂದೆ ಬಂದು, "ನಾನರಿ. ನಾ ಅವ್ರ ಮನಿಯವ್ರು" ಎಂದರು. ಕೌಂಟರಿನವಳು ನಕ್ಕಳು. ಸುಮಂಗಲೆಯೂ ನಕ್ಕಳು, ಪೆನ್ನು ಇಸಿದುಕೊಂಡು ಸಹಿ ಹಾಕಿದಳು. ಆಮೇಲೆ ಹೇಳಿದ್ದಳು: "ಟೀಚರ್, ನೀವು ಮನಿಗಿ ಹೋಗ್ರಿ. ಒಳಗ ಮನಿಯವ್ರಿಗಷ್ಟೇ ಬಿಡ್ತಾರ."

"ಆಯ್ತವ್ವ" ಎಂದಿದ್ದರು ಅವರು. ಮನೆಗೆ ಹೋಗಿರಲಿಲ್ಲ. ಸಂಜೆ ಸುಮಂಗಲಾ ಹೊರಗೆ ಬಂದಾಗ ಗೇಟಿನ ಪಕ್ಕದ ಕಟ್ಟೆಯ ಮೇಲೆ, ಮುಚ್ಚಳ ತೆಗೆಯದ ಚಹಾದ ಥರ್ಮಾಸ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಎಚ್ಚರಾತೇನವ್ವ?" ಅಂತ ಒಂದೇ ಮಾತು ಕೇಳಿದ್ದರು.

ಮೂವತ್ತು ವರ್ಷ ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಾಡಹಗಲಲ್ಲಿ, ಪಂಕ್ತಿಯ ನಡುವೆ, ಕೌಂಟರಿನ ಮುಂದೆ ಹೇಳುತ್ತಲೇ ಬಂದಿದ್ದರು. ಕಾದಂಬರಿ ಓದಿದಾಗಿನ ಗಾಬರಿ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ರೊಟ್ಟಿಯ ಬುಟ್ಟಿ ಗಂಡನ ಮುಂದಿಟ್ಟು ಸುಮಂಗಲಾ ಪಡಸಾಲೆಗೆ ಬಂದಳು. ಮಗಳ ಹಣೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಫೋನ್ ಹಚ್ಚಿದಳು.

ಎತ್ತಿದವರು ಟೀಚರ್. "ಸುಮಾ? ಜ್ವರ ಇಳೀತೇನವ್ವ? ಕಷಾಯದ ಪುಡಿ ಮಾಡಿಟ್ಟೀನಿ, ಕಳಸ್ಲಿ?"

"ಜ್ವರ ಬಂದೇ ಇದ್ದಿಲ್ಲರಿ ಟೀಚರ್. ಸುಳ್ಳು ಹೇಳಿದೆ. ಪುಸ್ತಕ ಓದಿದೆ. ಭಾಳ ಗಾಬರಿ ಆತು. ಇನ್ನಾ ಆಗಲಿಕತ್ತದ."

ಆ ಕಡೆಯಿಂದ ರೇಲ್ವೆ ಗಾಡಿಯೊಂದು ದಾಟಿಹೋಗುವುದು ಮಾತ್ರ ಕೇಳಿಸಿತು.

"ನಾಳೆ ವಾಡಿ ಜಂಕ್ಷನ್ನಾಗ ಗಾಡಿ ಬದಲಿ ಮಾಡಿ ಧೃತೀನ ಕರಕೊಂಡು ಬರ್ತೀನಿ" ಎಂದಳು ಸುಮಂಗಲಾ. "ನಿಮ್ಮ... ನಿಮ್ಮ ಮನಿಯವ್ರು ಅದಾರೇನ್ರಿ? ಅವ್ರಿಗಿ ಕೊಡ್ರಿ."

ಯಾರೂ ನಗಲಿಲ್ಲ. ಫೋನಿನಿಂದ ದೂರ, ಅಂಗಳದ ಕಡೆ ಟೀಚರ್ ಕೂಗಿದ್ದು ಕೇಳಿಸಿತು. "ಏನ್ರೀ... ಇಲ್ಲಿ ಬರ್ರಿ. ಸುಮಾ ಕೇಳಲಿಕತ್ತಾಳ, ನಿಮಗ."