ಒಂದು ಬನ್ನಿ, ಉಳಿದದ್ದು ಜಾಲಿ

ನನ್ನ ಅಕ್ಷರ ಚೆನ್ನಾಗಿತ್ತು. ಊರಿನ ಗಾಯರಾಣ ಹಾಳಾದದ್ದಕ್ಕೆ ಅದೂ ಒಂದು ಕಾರಣ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ವಿಜಾಪುರದ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಬದಿಗೆ ಬಾಡಿಗೆ ಕೋಣೆ. ಶನಿವಾರ ಬಸ್ಸು ಹತ್ತಿ ತಿಕೋಟಾಕ್ಕೆ ಬಂದರೆ ಅವ್ವನ ಕೈಯ ಬಿಸಿ ರೊಟ್ಟಿ. ಅರ್ಜಿ ಬರೆಸಬೇಕಾದವರು ನನ್ನ ದಾರಿ ಕಾಯುತ್ತಿದ್ದರು. ನಾನೂ ಉಬ್ಬುತ್ತಿದ್ದೆ. 'ಸದರಿ', 'ಮೇಲ್ಕಾಣಿಸಿದ' ಎಂಬ ಮಾತುಗಳನ್ನು ಎಲ್ಲಿ ಕೂಡಿಸಬೇಕೆಂದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತು ಎಂಬ ಗರ್ವ ನನ್ನದು.

ಗಾಯರಾಣ ಎಂದರೆ ದನಕರು ಮೇಯಲು ಊರು ಬಿಟ್ಟುಕೊಂಡ ಜಾಗ. ನಮ್ಮದು ಬಬಲೇಶ್ವರದ ಕಡೆಯ ದಾರಿಯಲ್ಲಿ, ಹಳ್ಳದ ದಂಡೆಗುಂಟ ಇತ್ತು. ಕಾಡು ಎನ್ನುವಷ್ಟು ದೊಡ್ಡದಲ್ಲ. ಆದರೆ ಸುತ್ತಲಿನ ಕಪ್ಪು ಎರಿ ಮಣ್ಣಿನ ಹೊಲಗಳು ಕಾದು ಬಿರುಕು ಬಿಡುವ ಬೇಸಿಗೆಯಲ್ಲಿ ನೆರಳು ಅಂತ ಇದ್ದದ್ದು ಅಲ್ಲೊಂದೇ ಕಡೆ. ತುಂಬ ಜಾಲಿ ಗಿಡಗಳು. ರಸ್ತೆಯ ಬದಿಗೆ ಕಟ್ಟೆ ಕಟ್ಟಿಸಿಕೊಂಡ ಒಂದು ಬನ್ನಿ ಗಿಡ, ದಸರೆಯಲ್ಲಿ ಊರೆಲ್ಲ ಪೂಜೆ ಮಾಡುವಂಥದ್ದು. ಒಳಗೆ ಏನೇನಿತ್ತೋ ಅದು ಅವ್ವನಿಗೆ ಗೊತ್ತು. ಅಪ್ಪ ತೀರಿದ ಮೇಲೆ ಅವ್ವ ಆಡು ಕಟ್ಟಿದವಳು. ದಿನವೂ ದೋಟಿ ಹಿಡಿದು ಹೋಗಿ, ಜಾಲಿಕಾಯಿ ಉದುರಿಸಿ, ಆಡು ಮೇಯಿಸಿ ಬರುತ್ತಿದ್ದಳು. ಬರದ ವರ್ಷ ಕೂಡ ಅವ್ವನ ಆಡುಗಳು ಜಾಲಿಕಾಯಿ ತಿಂದೇ ಬದುಕಿದವು. ಆ ಆಡುಗಳ ಮೇಲೆಯೇ ನಾನು ಸಾಲಿ ಕಲಿತದ್ದು. ನನ್ನ ಚೆಂದದ ಅಕ್ಷರದ ಮೂಲ ಹುಡುಕುತ್ತ ಹೋದರೆ ಜಾಲಿಯ ಬುಡಕ್ಕೇ ಹೋಗಿ ನಿಲ್ಲಬೇಕು. ಆಗ ನನಗೆ ಅದು ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ವಿಜಾಪುರದ ಒಬ್ಬ ವ್ಯಾಪಾರಿ ಗಾಯರಾಣದಲ್ಲಿ ಟಾಕೀಸು ಹಾಕುತ್ತೇನೆಂದು ಬಂದ. ಮೊದಲು ತಗಡಿನ ಟಾಕೀಸು, ಚಹಾದಂಗಡಿ. ಅದು ನಡೆದರೆ ಪಕ್ಕದಲ್ಲಿ ಜೋಕಾಲಿ, ಕಾರಂಜಿ ಇರುವ ಬಾಗ, ಅಂದರೆ ಉದ್ಯಾನ. ಊರಿಗೆ ಊರೇ ಕುಣಿಯಿತು. ಬಿಜ್ಜರಗಿ, ಕನಮಡಿಯ ಮಂದಿ ಸಿನಿಮಾ ನೋಡಲು ವಿಜಾಪುರಕ್ಕೆ ಹೋಗಿ, ಕೊನೆಯ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಮಲಗಿ ಬರುತ್ತಿದ್ದ ಕಾಲ ಅದು. ಹೆಣ್ಣುಮಕ್ಕಳಿಗಂತೂ ಅದೂ ಇಲ್ಲ. ವರ್ಷವಿಡೀ ಕಳೆ ತೆಗೆದು, ರೊಟ್ಟಿ ಬಡಿದು ಬೇಸತ್ತವರಿಗೆ ಮೂರು ತಾಸಿನ ನಗು ಬೇಡವೇ? ಬೇಕು ಎಂದೇ ನಾನು ಈಗಲೂ ಹೇಳುತ್ತೇನೆ.

ಊರವರ ಒಪ್ಪಿಗೆಯ ಅರ್ಜಿ ಬೇಕಾಗಿತ್ತು. ಪಂಚಾಯತಿಯ ಅಧ್ಯಕ್ಷರು ನನ್ನನ್ನು ಕರೆಸಿದರು.

"ಜಾಲಿ ಕಂಟಿ ಕಾಯ್ಕೊಂತ ಎಷ್ಟ ದಿವಸ ಕುಂಡ್ರೂದೋ ತಮ್ಮಾ? ಚೊಲೋತ್ನಂಗ ಬರದು ಕೊಡು. ಬನ್ನಿಗೆ ಮಾತ್ರ ಕೈ ಹಚ್ಚಬಾರದು, ಅದನ್ನೂ ಬರಿ."

ಬರೆದೆ. 'ಸದರಿ ಜಾಗೆಯು ಪೂಜೆಗೆ ಒಳಪಟ್ಟ ಒಂದು ಬನ್ನಿ ಗಿಡವನ್ನು ಬಿಟ್ಟು, ಉಳಿದಂತೆ ಯಾರ ಉಪಯೋಗಕ್ಕೂ ಬಾರದ ಜಾಲಿ ಕಂಟಿಯಿಂದ ಕೂಡಿದ್ದಿರುತ್ತದೆ.' ಆ ವಾಕ್ಯವನ್ನು ಎರಡು ಸಲ ಓದಿಕೊಂಡು ಸಂತೋಷಪಟ್ಟೆ. ಬನ್ನಿಯನ್ನು ಉಳಿಸಿದ್ದರಿಂದ ದೇವರಿಗೂ ನ್ಯಾಯ, ಟಾಕೀಸಿಗೂ ನ್ಯಾಯ.

ಮನೆಗೊಂದು ಸಹಿ ಬೇಕಿತ್ತು. ಅವ್ವ ಆಡಿಗೆ ನೀರು ಇಡುತ್ತಿದ್ದಳು. "ಓದ್ಲೇನವ್ವಾ?" ಎಂದೆ.

"ಓದೂದೇನೈತೋ, ನೀನ ಬರದೀ ಅಲ್ಲ?" ಎಂದು ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬಟ್ಟು ಮುಂದೆ ಚಾಚಿದಳು. ನಾನೇ ಹಿಡಿದು ಒತ್ತಿದೆ.

ಬೇಸಿಗೆಯಲ್ಲಿ ಕೊಡಲಿಯವರು ಬಂದರು. ನೆರಳಿದೆಯೆಂದು ಈ ಜಾಗ ಆರಿಸಿದವರು ಮೊದಲು ನೆರಳನ್ನೇ ಕಡಿದರು. ರಸ್ತೆಯ ಆಚೆ ಹುಲ್ಲೂ ಬೆಳೆಯದ ಗರಸು ಭೂಮಿ ಖಾಲಿ ಬಿದ್ದಿತ್ತು. ಟಾಕೀಸನ್ನು ಅಲ್ಲಿ ಹಾಕಿರೆಂದು ನಮ್ಮಲ್ಲಿ ಒಬ್ಬರಿಗೂ ಹೇಳಲು ತೋಚಲಿಲ್ಲ, ನನಗೂ ತೋಚಲಿಲ್ಲ.

ಮುಂದಿನ ಶನಿವಾರ ನಾನು ಬಂದಾಗ ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಬನ್ನಿ ಒಂದ ಅಂತ ಬರದಿದ್ದೇನು?"

"ಹೂಂ. ಅದನ್ನ ಬಿಟ್ಟಾರಲ್ಲ."

"ಹನ್ನೊಂದ ಇದ್ದೂವೋ ಯಪ್ಪಾ. ಹತ್ತು ಕಡದಾರ. ಒಂದ ಮಾತು ಕೇಳಿದ್ದರ ಹೇಳ್ತಿದ್ನಲ್ಲ."

ಜಾಲಿಗೂ ಮುಳ್ಳು, ಬನ್ನಿಗೂ ಮುಳ್ಳು. ಕಟ್ಟೆ ಇದ್ದದ್ದೇ ಬನ್ನಿ, ಇಲ್ಲದ್ದೆಲ್ಲ ಜಾಲಿ ಎಂದು ನಾವು ತಿಳಿದಿದ್ದೆವು. ದಸರೆಯಲ್ಲಿ ಊರಿನ ಮುಕ್ಕಾಲು ಮನೆಗಳಿಗೆ ಬನ್ನಿಯ ಎಲೆ, ನಮ್ಮ ಮಾತಿನಲ್ಲಿ ತಪ್ಪಲು, ಬರುತ್ತಿದ್ದದ್ದು ಅವ್ವನ ಬುಟ್ಟಿಯಿಂದ. ಕಟ್ಟೆಯ ಗಿಡಕ್ಕೆ ತ್ರಾಸು ಆಗಬಾರದೆಂದು ಅವಳು ಒಳಗಿನ ಹತ್ತು ಗಿಡಗಳಿಂದ ಹದವಾಗಿ ಮುರಿದು ತರುತ್ತಿದ್ದಳು. ತಪ್ಪಲು ಎಲ್ಲಿಂದ ಬರುತ್ತದೆಂದು ಯಾರೂ ಕೇಳಿರಲಿಲ್ಲ. ಸ್ವಂತ ಮಗನಾದ ನಾನೂ ಕೇಳಿರಲಿಲ್ಲ. ಆ ದಿನ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇವಿಲ್ಲದೆ ಅವ್ವ ಆಡುಗಳನ್ನು ಮಾರಿದಳು, ಎರಡನ್ನು ಉಳಿಸಿಕೊಂಡಳು. ಮಳೆಗಾಲ ಹಿಡಿಯುವ ಮೊದಲೇ ಟಾಕೀಸು ಶುರುವಾಯಿತು. ಮೊದಲ ದಿನ ಅವ್ವನೂ ಬಂದಳು. ಹೆಂಗಸರ ಕಡೆ ನೆಲದ ಮೇಲೆ ಕೂತು ಅತ್ತಳು, ನಕ್ಕಳು. ಹೇಗಿತ್ತು ಎಂದು ಕೇಳಿದೆ.

"ಚೊಲೋ ಐತಿ. ಆಡಿಗೆ ಮಾತ್ರ ಟಿಕೀಟು ಇಲ್ಲ ನೋಡು."

ಅಷ್ಟೇ ಅಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ದಸರೆ ಬಂತು. ನಮ್ಮ ಕಡೆ ಅಂದು ಕಿರಿಯರು ಹಿರಿಯರ ಕೈಗೆ ಬನ್ನಿ ಕೊಟ್ಟು, 'ಬಂಗಾರದಂಗ ಇರೂಣು' ಎಂದು ಕಾಲಿಗೆ ಬೀಳಬೇಕು. ಅವ್ವನ ಬುಟ್ಟಿ ಬರಲಿಲ್ಲವಾದ್ದರಿಂದ ಇಡೀ ಊರು ಕಟ್ಟೆಯ ಗಿಡದ ಮೇಲೆ ಮುಗಿಬಿತ್ತು. ನಾನು ಹೋಗುವಷ್ಟರಲ್ಲಿ ಅದರ ಮೇಲೆ ನಾಲ್ಕು ಜನ ಹತ್ತಿದ್ದರು. ಟೊಂಗೆಗಳು ಲಟಲಟ ಮುರಿಯುತ್ತಿದ್ದವು. ಕೈಗೆಟಕುವಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದು ಬಾಗಿಲಲ್ಲಿ ನಿಂತೆ.

ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಎಳೆಯ ಬನ್ನಿ ತಪ್ಪಲನ್ನು ನನ್ನ ಕೈಗೆ ಹಾಕಿದಳು. "ಹಿಡಿ, ಈಗ ನನಗ ಕೊಡು" ಎಂದಳು.

ಕೊಟ್ಟು ಕಾಲಿಗೆ ಬಿದ್ದೆ. ಕಣ್ಣಲ್ಲಿ ನೀರು ಬಂತು. ಎಲ್ಲಿಂದ ತಂದೆ ಎಂದು ಕೇಳಿದಾಗ ಟಾಕೀಸಿನ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಕಡಿದ ಹತ್ತು ಬನ್ನಿಯ ಬೊಡ್ಡೆಗಳಲ್ಲಿ ಆರು ಬೊಡ್ಡೆಗಳು ಮಳೆಗೆ ಚಿಗುರಿದ್ದವು. ಸುತ್ತ ಜಾಲಿಯೂ ಅಲ್ಲಲ್ಲಿ ತಲೆ ಎತ್ತಿತ್ತು. ಆ ತುಂಡು ಜಾಗವೇ ವ್ಯಾಪಾರಿ ಬಾಗಕ್ಕೆಂದು ಬೇರುಸಹಿತ ಅಗೆಸಿ ಸಪಾಟು ಮಾಡಿಸಲು ಗುರುತು ಹಾಕಿಸಿದ್ದು.

ಮರುದಿನ ಬೆಳಿಗ್ಗೆ ನಾನು ಎರಡನೆಯ ಅರ್ಜಿಗೆ ಕೂತೆ. ಟಾಕೀಸು ಇರಲಿ, ಜೋಕಾಲಿಯನ್ನು ಗರಸಿನಲ್ಲಿ ಹಾಕಲಿ, ಹಿಂದಿನ ಜಾಗ ಗಾಯರಾಣವಾಗಿಯೇ ಉಳಿಯಲಿ ಎಂದು ಬರೆದೆ. ಯಾವ ಬೊಡ್ಡೆ ಎಲ್ಲಿದೆ ಎಂದು ಅವ್ವ ಹೇಳಿದಂತೆ ಬರೆದುಕೊಂಡೆ. ಬರೆದು ಮುಗಿಸಿ, ಮಸಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದೆ.

ಅವ್ವ ಕೈ ಚಾಚಲಿಲ್ಲ. "ಓದು" ಎಂದಳು.

ಓದಿದೆ. ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು. ಹೆಬ್ಬಟ್ಟು ಮಡಿಲಲ್ಲೇ ಇತ್ತು.

"ಇನ್ನೊಮ್ಮೆ ಓದು" ಎಂದಳು.