ಕಮಲಾಪುರ ಮುಟ್ಟಿಸಿದ ಗಾಡಿ

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವನು ನಾನು. ಎಂಜಿನ್ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಈಗಲೂ ಹಾಗೇ ನಂಬಿದ್ದೇನೆ. ಒಂದು ಮಧ್ಯಾಹ್ನದ ಲೆಕ್ಕ ಮಾತ್ರ ಇನ್ನೂ ಹತ್ತಿಲ್ಲ.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ಊರು ನಿರಾಳವಾಗಿ ಉಸಿರಾಡತೊಡಗಿದ್ದ ಕಾಲ. ಕಮಲಾಪುರದಲ್ಲಿ ನನ್ನ ಅಕ್ಕನಿಗೆ ಹೆರಿಗೆ ಕಷ್ಟವಾಗಿದೆ, ಕೂಸು ಅಡ್ಡ ತಿರುಗಿದೆ, ದವಾಖಾನೆಯ ನರ್ಸಬಾಯಿಯನ್ನು ಕೂಡಲೇ ಕರೆತರಬೇಕು ಎಂದು ಅವಳ ಗಂಡ ಹೇಳಿ ಕಳಿಸಿದ. ಬಸ್ಸು ಹೋಗಿಬಿಟ್ಟಿತ್ತು. ನೆರೆಮನೆಯ ವಕೀಲರ ಹತ್ತಿರ ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ ಇತ್ತು. ವಕೀಲರು ಟಾಂಗಾದಲ್ಲಿ ಕೋರ್ಟಿಗೆ ಹೋಗಿದ್ದರು. ಅವರ ಹೆಂಡತಿ, ನಾವೆಲ್ಲ ವೈನಿ ಅನ್ನುತ್ತಿದ್ದವರು, "ಕೇಳ್ತೀಯೇನೋ? ಮೊದ್ಲ ಒಯ್ಯಿ" ಎಂದರು.

ಒಂದೇ ಒದೆಗೆ ಗಾಡಿ ಚಾಲೂ ಆಯಿತು. ನರ್ಸಬಾಯಿ ಚೀಲ ಅಪ್ಪಿಕೊಂಡು ಹಿಂದೆ ಕೂತರು. ಅರ್ಧ ದಾರಿ ಸರಿಯಾಗಿಯೇ ಓಡಿದ ಎಂಜಿನ್ ಆಮೇಲೆ ಮಿಸ್ ಹೊಡೆಯತೊಡಗಿತು. ಒಮ್ಮೆ ಎಳೆಯುವುದು, ಒಮ್ಮೆ ಮುಗ್ಗರಿಸುವುದು. ಇಳಿದು ಪ್ಲಗ್ ಬಿಚ್ಚಿ ಒರೆಸಿದೆ, ಎಂಜಿನ್ನಿಗೆ ತಾಗಿಸಿ ಹಿಡಿದು ಒದ್ದು ನೋಡಿದೆ. ನೀಲಿ ಕಿಡಿ ಚಟ್ಟೆಂದಿತು. ಪೆಟ್ರೋಲ್ ಬರುವ ನಳಿಗೆ ಊದಿದೆ, ಕಾರ್ಬುರೇಟರ್ ಸ್ವಚ್ಛ ಮಾಡಿದೆ. ಮುಗ್ಗರಿಸುವುದು ನಿಲ್ಲಲಿಲ್ಲ. ಉಳಿದದ್ದು ಕಿಡಿ ಹುಟ್ಟಿಸುವ ಮ್ಯಾಗ್ನೆಟೊ. ಅದರ ಮುಚ್ಚಳಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ನರ್ಸಬಾಯಿ ಗದರಿಸಿದರು:

"ಸಾಕು ಬಿಡ್ರಿ! ಅಲ್ಲಿ ಜೀವ ಹೋಗ್ಲತ್ತದ. ಹ್ಯಾಂಗ ಓಡ್ತದ ಹಂಗ ಓಡಸ್ರಿ."

ಕೈ ತೆಗೆದೆ. ಕುಂಟುತ್ತಲೇ ಊರು ಮುಟ್ಟಿದೆವು. ನರ್ಸಬಾಯಿ ಒಳಗೆ ಹೋದರು. ನಾನು ಅಂಗಳದಲ್ಲಿ ಕೂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. "ಇಬ್ಬರೂ ಆರಾಮ ಇದ್ದಾರ" ಎಂದು ನರ್ಸಬಾಯಿ ಹೊರಗೆ ಬಂದು ಹೇಳಿದಾಗ ನಾನು ಅತ್ತುಬಿಟ್ಟೆ.

ಮನಸ್ಸು ತಿಳಿಯಾದ ಮೇಲೆ ಮ್ಯಾಗ್ನೆಟೊ ಮುಚ್ಚಳ ತೆಗೆದೆ. ಒಳಗೆ ಪಾಯಿಂಟೇ ಇರಲಿಲ್ಲ. ಕಿಡಿ ಹುಟ್ಟಬೇಕಾದರೆ ಆ ಪಾಯಿಂಟಿನ ತುದಿಗಳು ಕೂಡುತ್ತ ಬಿಡುತ್ತ ಇರಬೇಕು. ಅದಿಲ್ಲದ ಗಾಡಿಯನ್ನು ಎಷ್ಟು ಒದ್ದರೂ ಅಷ್ಟೆ. ಒದ್ದೆ. ಕಾಲು ನೋಯುವ ತನಕ ಒದ್ದೆ. ಉಸಿರೆತ್ತಲಿಲ್ಲ. ದಾರಿಯಲ್ಲಿ ಬಿದ್ದಿದೆ ಅನ್ನೋಣವೆಂದರೆ ಮುಚ್ಚಳ ಬಿಗಿಯಾಗಿಯೇ ಇತ್ತು.

ಮರುದಿನ ಬಸ್ಸಿಗೆ ಬಂದು ವಕೀಲರಿಗೆ ಹೇಳಿದೆ. ಅವರು ದೇವರ ಮನೆಗೆ ಹೋಗಿ, ಶಾಲಿಗ್ರಾಮದ ಪೆಟ್ಟಿಗೆಯ ಹಿಂದಿನಿಂದ ಒಂದು ಸಣ್ಣ ಗಂಟು ತಂದು ಬಿಚ್ಚಿದರು. ಪಾಯಿಂಟ್ ಅದರಲ್ಲಿತ್ತು. ನಿಜಾಮನ ರಜಾಕಾರರು ಗಾಡಿ ಹೊಡೆದುಕೊಂಡು ಹೋಗಬಾರದೆಂದು ವಕೀಲರು ಆಗ ಸಂಜೆಯಾದರೆ ಅದನ್ನು ಬಿಚ್ಚಿಡುತ್ತಿದ್ದರಂತೆ.

"ಅವ್ರು ಹೋದ್ರೂ ಅಂಜಿಕಿ ಹೋಗಿಲ್ಲ ನೋಡು. ಮೊನ್ನಿ ಸಂಜೀಕ ಬಿಚ್ಚಿಟ್ಟಿದ್ದು, ಹಾಕೇ ಇಲ್ಲ. ನೀ ಹ್ಯಾಂಗ ಹೋದಿ?"

ಹೇಗೆ ಹೋದೆ? ಸಾಕ್ಷಿಗೆ ನರ್ಸಬಾಯಿ ಇರದಿದ್ದರೆ ನನಗೇ ಕನಸೇನೋ ಅನ್ನಿಸುತ್ತಿತ್ತು. ಅಂದಿನಿಂದ ಇಂದಿನವರೆಗೆ ಎಷ್ಟೋ ಎಂಜಿನ್ ಬಿಚ್ಚಿದ್ದೇನೆ, ಉತ್ತರ ಎಲ್ಲೂ ಸಿಕ್ಕಿಲ್ಲ. ಆದರೆ ನನ್ನನ್ನು ಕಾಡುವುದು ಗಾಡಿ ಹೇಗೆ ಓಡಿತು ಎಂಬುದಲ್ಲ. ಅರ್ಧ ದಾರಿಯಲ್ಲಿ ನಾನು ಆ ಮುಚ್ಚಳ ತೆಗೆದು ನೋಡಿಬಿಟ್ಟಿದ್ದರೆ ಅದು ಮುಂದೆ ಓಡುತ್ತಿತ್ತೇ? ಅಕ್ಕ ಎದುರಿಗೆ ಕೂತು ನಗುವಾಗಲೆಲ್ಲ ಇದೇ ನೆನಪಾಗುತ್ತದೆ.